ಪ್ರಸ್ಥಾನದ ಚೀಲ

ಗುರುವಾರ ಮಧ್ಯಾಹ್ನ ಒಂದೂವರೆಯಿಂದ ಮೂರರ ತನಕ ರಾಹುಕಾಲ. ಡೊಂಬಿವಲಿ ಯುವ ವಾದ್ಯವೃಂದದ ಮಕ್ಕಳನ್ನು ಮುಂಬಯಿ ಏರ್‌ಪೋರ್ಟಿಗೆ ಒಯ್ಯುವ ಬಸ್ಸು ಹೊರಡುವುದು ಅದೇ ಗುರುವಾರ ಎರಡು ಗಂಟೆಗೆ. ಇದು ಹರಿಣಾಕ್ಷಿಯ ಕಣ್ಣಿಗೆ ಬಿದ್ದದ್ದು ಬುಧವಾರ ಸಂಜೆ, ಕ್ಯಾಲೆಂಡರಿನಲ್ಲಿ ಏಕಾದಶಿ ಯಾವಾಗ ಎಂದು ಹುಡುಕುತ್ತಿದ್ದಾಗ.

"ರಾಹುಕಾಲದಲ್ಲಿ ಮಕ್ಕಳನ್ನು ಸಮುದ್ರ ದಾಟಿಸ್ತೀರಾ? ನಿಮಗೆ ಎಂತ ಆಗಿದೆ ಮಾರಾಯ್ರೆ?" ಎಂದು ಗಂಡನನ್ನು ಕೇಳಿದಳು.

"ವಿಮಾನ ಏಳೂವರೆಗೆ. ಎರಡಕ್ಕೆ ಬಿಡದಿದ್ರೆ ಮುಟ್ಟುದಿಲ್ಲ. ವಿಮಾನದವನಿಗೆ ಪಂಚಾಂಗ ಕಳಿಸ್ಲಿಕ್ಕೆ ಆಗ್ತದಾ?" ಎಂದರು ಮೋಹನದಾಸರು.

"ಬೇಡ. ಬೆಳಿಗ್ಗೆ ಪ್ರಸ್ಥಾನ ಇಡುವ."

ಪ್ರಸ್ಥಾನವೆಂದರೆ ರಾಹುವಿನ ಕಣ್ಣಿಗೆ ಮಣ್ಣೆರಚುವ ಹಳೆಯ ಉಪಾಯ. ಹೊರಡುವ ಹೊತ್ತು ಚೆನ್ನಾಗಿಲ್ಲದಿದ್ದರೆ ಅದಕ್ಕೂ ಮುಂಚೆ ಒಂದು ಒಳ್ಳೆಯ ಗಳಿಗೆ ನೋಡಿ, ಪ್ರಯಾಣಿಕನ ಒಂದು ಚೀಲವನ್ನು ನೆರೆಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ಮನುಷ್ಯ ಯಾವಾಗ ಹೊರಟರೂ ಅದು ಹೊಸದಾಗಿ ಹೊರಟಂತಲ್ಲ, ತನ್ನ ಚೀಲದ ಹಿಂದೆ ಹೋದಂತೆ. ಮೋಹನದಾಸರು ಆ ದಿನವಿಡೀ ಮಾಡಿದ್ದು ಅದನ್ನೇ.

ಮೋಹನದಾಸರಿಗೆ ನಲವತ್ತೊಂಬತ್ತು. ಅಂಬರನಾಥದ ಒಂದು ಬಣ್ಣದ ಕಾರ್ಖಾನೆಯಲ್ಲಿ ಸ್ಟೋರ್ ಕ್ಲಾರ್ಕು. ಊರು ಉಡುಪಿ ಕಡೆ. ಮಗಳು ಅಶ್ಮಿತಾ ವಾದ್ಯವೃಂದದಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಾಳೆ ಎಂಬ ಒಂದೇ ಕಾರಣಕ್ಕೆ ಏಳು ವರ್ಷದ ಹಿಂದೆ ಅವರನ್ನು ಗೌರವ ಮ್ಯಾನೇಜರ್ ಮಾಡಿದ್ದರು. ಗೌರವವೆಂದರೆ, ಕಾರ್ಯಕ್ರಮವಿದ್ದ ದಿನ ಲೋಕಲ್ ಟ್ರೇನಿನ ಲಗೇಜು ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಚೆಂಡೆ, ಮೃದಂಗ, ಕೀಬೋರ್ಡುಗಳನ್ನು ಅಪ್ಪಿಕೊಂಡು ನಿಲ್ಲುವುದು. ಒಮ್ಮೆ ಕಲ್ಯಾಣದ ಗಣೇಶೋತ್ಸವದಲ್ಲಿ ಚೆಂಡೆಗೆ ಕೋಲು ತಾಗಿದ್ದೇ ತಡ, ಮುಂದಿನ ಸಾಲಿನವರೆಲ್ಲ ಮೂಗು ಮುಚ್ಚಿಕೊಂಡರು. ಅದು ಬೊಂಬಿಲ್ ಮೀನಿನ ವಾಸನೆ ಎಂದು ಕಂಡುಹಿಡಿದವರೂ ಮೋಹನದಾಸರೇ, ಬಯ್ಗುಳ ತಿಂದವರೂ ಅವರೇ.

ಈಗ ಫಲ ಬಂದಿತ್ತು. ಮಸ್ಕತ್, ಬಹರೈನ್, ದೋಹಾದ ಕನ್ನಡಿಗರು ಕರೆಸಿದ್ದರು. ಹನ್ನೆರಡು ದಿನ, ಐದು ಕಛೇರಿ. ಹದಿನೆಂಟು ಮಕ್ಕಳು, ಅವರಿಗೆ ಕಲಿಸುವ ಶ್ರೀವಿದ್ಯಾ ಟೀಚರು, ಮತ್ತು ಮ್ಯಾನೇಜರು. ಮೋಹನದಾಸರು ಜನ್ಮದಲ್ಲಿ ವಿಮಾನ ಹತ್ತಿದವರಲ್ಲ. ಕಾರ್ಖಾನೆಯವರು ಹಾರ ಹಾಕಿ, ಗಾಲಿ ಇರುವ ಸೂಟ್‌ಕೇಸು ಕೊಟ್ಟು ಬೀಳ್ಕೊಟ್ಟಿದ್ದರು. ಅದನ್ನು ಎಳೆಯುವ ಅಭ್ಯಾಸವಾಗಲೆಂದು ಅವರು ಒಂದು ವಾರದಿಂದ ದಿನವೂ ಸಂಜೆ ಬಿಲ್ಡಿಂಗಿನ ಮೂರನೆಯ ಮಹಡಿಯ ಪ್ಯಾಸೇಜಿನಲ್ಲಿ ಖಾಲಿ ಸೂಟ್‌ಕೇಸು ಎಳೆದುಕೊಂಡು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಮಸ್ಕತ್‌ಗೆ ಹೋಗಿ ಬರುವುದಕ್ಕಿಂತ ಹೆಚ್ಚು ದೂರ ಅಲ್ಲಿಯೇ ನಡೆದಿರಬೇಕು.

ಗುರುವಾರ ಬೆಳಿಗ್ಗೆ ಆರಕ್ಕೆ ಹರಿಣಾಕ್ಷಿ ಒಂದು ನೀಲಿ ಕೈಚೀಲ ಸಿದ್ಧಮಾಡಿಟ್ಟಳು. ಆರೂ ನಲವತ್ತಕ್ಕೆ ಒಳ್ಳೆಯ ಗಳಿಗೆ. ಎದುರುಮನೆಯ ಪುಟ್ಟಮ್ಮನವರಲ್ಲಿ ಇಡುವುದೆಂದು ತೀರ್ಮಾನ. ಹರಿಣಾಕ್ಷಿ ಸ್ನಾನಕ್ಕೆ ಹೋದಾಗ ಮೋಹನದಾಸರ ತಲೆಯಲ್ಲಿ ಒಂದು ಬುದ್ಧಿ ಹೊಳೆಯಿತು. ಅವರಿಗೆ ಬುದ್ಧಿ ಹೊಳೆದಾಗಲೆಲ್ಲ ಮನೆಯಲ್ಲಿ ಏನಾದರೊಂದು ಒಡೆಯುವುದು ರೂಢಿ.

'ಈ ಚೀಲದಲ್ಲಿ ಇರುವುದು ನನ್ನ ಸಾಮಾನು ಮಾತ್ರ. ಹಾಗಾದರೆ ರಾಹುವಿನಿಂದ ತಪ್ಪಿಸಿಕೊಳ್ಳುವವನು ನಾನೊಬ್ಬನೇ. ಆ ಹದಿನೆಂಟು ಮಕ್ಕಳ ಗತಿ? ಒಬ್ಬೊಬ್ಬರ ಮನೆಯಿಂದ ಅಂಗಿ ತರಿಸಲಿಕ್ಕೆ ಈಗ ಸಮಯವಿಲ್ಲ. ಆದರೆ ಪಾಸ್‌ಪೋರ್ಟು ಉಂಟಲ್ಲ! ಪರದೇಶದ ಮಟ್ಟಿಗೆ ಪಾಸ್‌ಪೋರ್ಟೇ ಮನುಷ್ಯ.'

ವೀಸಾ ಕೆಲಸಕ್ಕೆಂದು ಎಲ್ಲರ ಪಾಸ್‌ಪೋರ್ಟೂ ಅವರ ಹತ್ತಿರವೇ ಇತ್ತು. ತಮ್ಮದೂ ಟೀಚರದ್ದೂ ಸೇರಿ ಇಪ್ಪತ್ತು ಪಾಸ್‌ಪೋರ್ಟುಗಳ ಹಳದಿ ಲಕೋಟೆಯನ್ನು ಮೆಲ್ಲನೆ ಚೀಲದ ತಳಕ್ಕೆ ಇಳಿಸಿದರು. ಹೆಂಡತಿಗೆ ಹೇಳಲಿಲ್ಲ. ಒಳ್ಳೆಯ ಕೆಲಸವನ್ನು ಡಂಗುರ ಸಾರಬಾರದು ಎಂಬುದು ಅವರ ನೀತಿ. ಆರೂ ನಲವತ್ತಕ್ಕೆ ಹರಿಣಾಕ್ಷಿ ಚೀಲ ಒಯ್ದು ಪುಟ್ಟಮ್ಮನವರ ಮನೆಯಲ್ಲಿಟ್ಟು ಬಂದಳು.

ಎಂಟು ಗಂಟೆಗೆ ಫೋನು. ಪಿಟೀಲಿನ ಹುಡುಗ ರಂಜನ್‌ನ ಅಪ್ಪ ಮುರಾರಿ.

"ಮೋಹನಣ್ಣ, ನಮ್ಮ ರಂಜನ್‌ನ ಪಾಸ್‌ಪೋರ್ಟಿದು ಒಂದು ಝೆರಾಕ್ಸ್ ಬೇಕಿತ್ತು. ಮನೆಯಲ್ಲಿ ಒಂದು ಕಾಪಿ ಇರ್ಲಿ ಅಂತ. ಈಗಲೇ ಬಂದೆ, ಐದು ನಿಮಿಷ."

"ಬನ್ನಿ ಬನ್ನಿ" ಎಂದು ಮೋಹನದಾಸರು ಎದುರುಮನೆಗೆ ಹೋದರು. ಬಾಗಿಲಿಗೆ ಅಂಗೈಯಗಲದ ಬೀಗ. ಪುಟ್ಟಮ್ಮನವರ ಮೊಬೈಲಿಗೆ ಫೋನು ಮಾಡಿದರು. ಬೀಗದ ಆಚೆಯಿಂದ ಗುಬ್ಬಚ್ಚಿಗಳು ಚಿಲಿಪಿಲಿ ಎಂದವು. ಮೈಸೂರಿನ ಅಜ್ಜಿ ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು. ಮಗ ಸೃಜನ್ ಐರೋಳಿಯ ಕಂಪನಿಗೆ ಮುಂಜಾನೆ ಪಾಳಿಗೆ ಹೋದವನು ಸಂಜೆಯೇ ಬರುವುದು.

ಮೆಟ್ಟಿಲಿಳಿದು ವಾಚ್‌ಮನ್‌ನನ್ನು ಕೇಳಿದರು.

"ಆಜ್ಜಿ? ಠಾಣ್ಯಾಲಾ ಗೇಲ್ಯಾ, ಮುಲೀಕಡೆ. ನಿಳೀ ಬ್ಯಾಗ್ ಘೇಊನ್" ಎಂದ ಅವನು, ಹಲ್ಲುಜ್ಜುತ್ತ.

ಅಜ್ಜಿ ಥಾಣೆಯ ಮಗಳ ಮನೆಗೆ. ನೀಲಿ ಚೀಲದ ಸಮೇತ! ಅಷ್ಟರಲ್ಲಿ ಫೋನು. "ಮೋಹನಣ್ಣ, ನಾನು ನಿಮ್ಮ ಗೇಟಿನಲ್ಲಿದ್ದೇನೆ. ಮೇಲೆ ಬರ್ಲಾ?"

ಮುರಾರಿ ಮುಂಬಾಗಿಲಿನಿಂದ ಲಿಫ್ಟಿಗೆ ಹೋಗುವಾಗ ಮೋಹನದಾಸರು ಹಿಂಬದಿಯ ನೀರಿನ ಟ್ಯಾಂಕಿನ ಮೇಲಿಂದ ರಸ್ತೆಗೆ ಹಾರಿದ್ದರು. ಹಾರುವ ಮುನ್ನ ಹೆಂಡತಿಗೆ ಒಂದು ಫೋನು: "ಝೆರಾಕ್ಸ್ ಅಂಗಡಿಗೆ ಹೋಗಿ ಬರ್ತೇನೆ." ಆಕೆ "ಒಂದು ನಿಮಿಷ ನಿಲ್ಲಿ, ನಿಮಗೆ ಒಂದು ವಿಷಯ—" ಎನ್ನುವಷ್ಟರಲ್ಲಿ ಇವರು ಫೋನನ್ನು ಪೂರ್ತಿ ಆರಿಸಿಬಿಟ್ಟರು. ಇಪ್ಪತ್ತು ಪಾಸ್‌ಪೋರ್ಟು ಕಳೆದವನಿಗೆ ಫೋನು ಇರುವುದು ಕಳ್ಳನ ಕೊರಳಿಗೆ ಗಂಟೆ ಕಟ್ಟಿದ ಹಾಗೆ. ಬೇರೆ ಹದಿನೇಳು ಮನೆಯವರು, ಅದರ ಮೇಲೊಬ್ಬಳು ಹೆಂಡತಿ. ಯಾರಿಗೆಂದು ಉತ್ತರ ಕೊಡುವುದು? ಹೋಗಿ, ಚೀಲ ತಂದು, ಏನೂ ಆಗದವರಂತೆ ನಗುತ್ತ ಬಸ್ಸು ಹತ್ತಿದರೆ ಮುಗಿಯಿತು. ಥಾಣೆ ಎಷ್ಟು ದೂರ? ಇಪ್ಪತ್ತೈದು ನಿಮಿಷ.

ಅದು ಥಾಣೆಯಲ್ಲಿ ಇಳಿಯಲು ಸಾಧ್ಯವಾದವರಿಗೆ. ಬೆಳಗಿನ ಫಾಸ್ಟ್ ಲೋಕಲ್ಲಿನಲ್ಲಿ ಇಳಿಯುವವರು ಒಂದು ನಿಲ್ದಾಣ ಮುಂಚೆಯೇ ಬಾಗಿಲಿಗೆ ಬಂದು ನಿಲ್ಲಬೇಕು ಎಂಬುದು ಚಿಕ್ಕಮಗುವಿಗೂ ಗೊತ್ತು. ಮೋಹನದಾಸರಿಗೂ ಗೊತ್ತಿತ್ತು. ಆದರೆ ಅವರ ಒಂದು ಕೈ ಒಬ್ಬರ ಬೆನ್ನಿನ ಬ್ಯಾಗಿನ ಪಟ್ಟಿಯೊಳಗೆ ಸಿಕ್ಕಿಕೊಂಡಿತ್ತು. ಆ ಬ್ಯಾಗಿನವರು ಇಳಿಯುವುದು ಥಾಣೆ ದಾಟಿ ದಾದರಿನಲ್ಲಿ.

"ಅರೇ ಭಾಯ್ ಸಾಬ್, ಮೇರಾ ಬ್ಯಾಗ್ ಛೋಡೋ!"

"ನಾನು ಹಿಡಿದದ್ದಲ್ಲ, ಅದೇ ನನ್ನನ್ನು ಹಿಡಿದದ್ದು!" ಎಂದು ಕನ್ನಡದಲ್ಲೇ ಕೂಗಿದರು ಮೋಹನದಾಸರು. ಕೈ ಬಿಡುಗಡೆಯಾಗುವಾಗ ಘಾಟ್ಕೋಪರ್ ಬಂದಿತ್ತು. ಅಲ್ಲಿ ಇಳಿಯುವ ಶ್ರಮ ಅವರು ಪಡಲಿಲ್ಲ, ಜನರೇ ಇಳಿಸಿದರು. ಹಿಂದೆ ಬಂದು, ಥಾಣೆಯಲ್ಲಿ ರಿಕ್ಷಾ ಹಿಡಿದು ನೌಪಾಡಾದ ಆ ಮನೆಗೆ ಮುಟ್ಟುವಾಗ ಹತ್ತೂ ಮುಕ್ಕಾಲು. ಅಜ್ಜಿಯ ಮೊಮ್ಮಗಳ ನಾಮಕರಣಕ್ಕೆ ಬಂದು ಹೋಳಿಗೆ ತಿಂದ ಮನೆಯಾದ್ದರಿಂದ ವಿಳಾಸ ಹುಡುಕಬೇಕಾಗಲಿಲ್ಲ.

ಬಾಗಿಲು ತೆರೆದದ್ದು ಪುಟ್ಟಮ್ಮನವರೇ. ಕೈಯಲ್ಲಿ ಸವುಟು.

"ಅಯ್ಯೋ, ಏನಪ್ಪಾ ಮೋಹನದಾಸು! ಇವತ್ತು ಫಾರಿನ್‌ಗೆ ಹೋಗೋನು ಇಲ್ಲಿಗ್ಯಾಕೆ ಬಂದೆ? ಬಾ ಬಾ, ಸರಿಯಾದ ಹೊತ್ತಿಗೆ ಬಂದೆ. ಉಪ್ಪಿಟ್ಟು ಇಳಿಸ್ತಾ ಇದ್ದೀನಿ."

"ಅಮ್ಮಾ, ಚೀಲ..."

"ತಿನ್ಕೊಂಡು ಮಾತಾಡು. ಹೊರಡೋ ದಿನ ಹಸ್ಕೊಂಡಿರಬಾರದು."

"ಅಮ್ಮಾ, ನಮ್ಮ ನೀಲಿ ಚೀಲ ಎಲ್ಲುಂಟು?"

"ತಿನ್ನು ಅಂದ್ನಲ್ಲ."

ಪುಟ್ಟಮ್ಮನವರ ಉಪ್ಪಿಟ್ಟಿನಿಂದ ಪಾರಾಗಲು ಅದನ್ನು ತಿನ್ನುವುದೊಂದೇ ದಾರಿ. ಮೋಹನದಾಸರು ಬಿಸಿಬಿಸಿ ಉಪ್ಪಿಟ್ಟನ್ನು ಗುಳಿಗೆಯಂತೆ ನುಂಗಿ ಕಣ್ಣಲ್ಲಿ ನೀರು ತುಂಬಿಕೊಂಡು ಕುಳಿತರು.

"ಪಾಪ, ಊರು ಬಿಟ್ಟು ಹೋಗೋ ಸಂಕಟ" ಎಂದು ಪುಟ್ಟಮ್ಮ ಮಗಳಿಗೆ ಹೇಳಿ, ಇವರತ್ತ ತಿರುಗಿದರು. "ನೋಡಪ್ಪ, ಬೆಳಿಗ್ಗೆ ಇವಳು ಫೋನ್ ಮಾಡಿದ್ಲು, ಕೆಲಸದವಳು ಬಂದಿಲ್ಲ, ಮಗೂಗೆ ಜ್ವರ, ಬಾ ಅಂತ. ಪ್ರಸ್ಥಾನ ಇಟ್ಟ ಮನೇಗೆ ಬೀಗ ಹಾಕ್ಬಾರದು ಕಣಪ್ಪ. ಪ್ರಯಾಣಕ್ಕೇ ಬೀಗ ಹಾಕಿದ ಹಾಗೆ. ನಿಮ್ಮನೇಗೆ ವಾಪಸ್ ಕೊಡೋ ಹಾಗೂ ಇಲ್ಲ, ಹೊರಟಿದ್ದು ಹಿಂದಕ್ಕೆ ಹೋಗ್ಬಾರದು. ಏರ್‌ಪೋರ್ಟು ಥಾಣೆ ಕಡೆಗೇ ತಾನೆ? ಅದಕ್ಕೆ ಮುಂದಕ್ಕೇ ತಂದೆ."

"ಒಳ್ಳೇದಾಯ್ತು, ಒಳ್ಳೇದಾಯ್ತು. ಎಲ್ಲುಂಟು?"

"ಇನ್ನೂ ಮುಂದಕ್ಕೆ ಕಳಿಸಿಬಿಟ್ಟೆ."

ಒಳಗಿನಿಂದ ಅಳಿಯ ಚಂದ್ರಶೇಖರ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದ. "ಸರ್, ಅದು ನನ್ ಐಡಿಯಾ. ಸೈದಪ್ಪ ಅಂತ ನಮಗೆ ಗೊತ್ತಿರೋ ಟೆಂಪೋದವನು. ಕಿಟಕಿ ಗ್ರಿಲ್ ಇಳಿಸಕ್ಕೆ ಬಂದಿದ್ದ. ಇಲ್ಲಿಂದ ಕಳಂಬೋಲಿಗೆ ಹೋಗಿ, ಕಬ್ಬಿಣ ತುಂಬ್ಕೊಂಡು ಮಧ್ಯಾಹ್ನ ಮರೋಳಕ್ಕೆ ಹೋಗ್ತಾನೆ. ಅಲ್ಲಿಂದ ಏರ್‌ಪೋರ್ಟು ಹತ್ ನಿಮಿಷ. ಅವನೇ ನಿಮ್ಮ ಕೈಗೆ ಕೊಡ್ತಾನೆ. ಡೋರ್ ಡೆಲಿವರಿ ಸರ್! ನಿಮ್ಮ ಮೊಬೈಲ್‌ಗೆ ಟ್ರೈ ಮಾಡಿದೆ, ಸ್ವಿಚ್ಡ್ ಆಫ್."

"ಅದೂ ಅಲ್ದೆ ಗುರುವಾರ ದಕ್ಷಿಣಕ್ಕೆ ಶೂಲ" ಎಂದರು ಪುಟ್ಟಮ್ಮ. "ನೇರ ಹೋಗೋದಕ್ಕಿಂತ ಕಳಂಬೋಲಿ ಸುತ್ತಿ ಹೋದ್ರೆ ದೋಷ ಇಲ್ಲ. ಹೂವಿನಂಥ ಚೀಲ, ಅವನಿಗೇನು ಭಾರಾನಾ?"

ಇಪ್ಪತ್ತು ಮಂದಿಯ ಪರದೇಶ ಪ್ರಯಾಣವನ್ನು ಕಬ್ಬಿಣದ ಟೆಂಪೋದಲ್ಲಿ ಕಳಿಸಿ ಹೂವು ಎನ್ನುತ್ತಿದ್ದಾರಲ್ಲ ಎಂದು ಮೋಹನದಾಸರಿಗೆ ಅಳು ಬಂತು. ಸೈದಪ್ಪನ ಮೊಬೈಲು ನಂಬರು? ಅವನು ನಿನ್ನೆಯಷ್ಟೇ ಸಿಮ್ ಬದಲಿಸಿದ್ದನಂತೆ. ಟೆಂಪೋದ ಹಿಂದೆ 'ತಾಯಿಯ ಆಶೀರ್ವಾದ' ಎಂದು ಕನ್ನಡದಲ್ಲಿ ಬರೆದಿದೆ, ಸುಲಭವಾಗಿ ಸಿಗುತ್ತಾನೆ ಎಂದ ಚಂದ್ರಶೇಖರ.

ಬೇರೆ ಯಾರಾದರೂ ಆಗಿದ್ದರೆ ಏರ್‌ಪೋರ್ಟಿಗೆ ಹೋಗಿ ಸೈದಪ್ಪನನ್ನು ಕಾಯುತ್ತಿದ್ದರು. ಆದರೆ ಕಬ್ಬಿಣ, ಟೆಂಪೋ, ಪಾಸ್‌ಪೋರ್ಟು ಈ ಮೂರನ್ನು ಒಟ್ಟಿಗೆ ನೆನೆದರೆ ಯಾವ ಮ್ಯಾನೇಜರಿಗೂ ಕೂತಲ್ಲಿ ಕೂರಲಾಗದು. ಕೆಳಗಿಳಿದು ಒಂದು ಅಂಗಡಿಯ ಕೆಂಪು ಡಬ್ಬಿ ಫೋನಿಗೆ ಒಂದು ರೂಪಾಯಿ ಹಾಕಿ ಟೀಚರಿಗೆ ಫೋನು ಮಾಡಿದರು.

"ಟೀಚರ್, ನಾನು ಮೋಹನದಾಸ್. ನನಗೆ ಏರ್‌ಪೋರ್ಟಿನಲ್ಲಿ ಸ್ವಲ್ಪ ಅರೇಂಜ್‌ಮೆಂಟ್ ಉಂಟು. ನೇರ ಅಲ್ಲಿಗೇ ಬರ್ತೇನೆ. ನೀವು ಎರಡಕ್ಕೆ ಬಸ್ಸು ಬಿಡಿ, ಕಾಯಬೇಡಿ."

"ಅಯ್ಯೋ ಸರ್, ಎಲ್ಲಿದೀರಾ? ನಿಮ್ಮನೆಯವರು ಎಷ್ಟು ಹುಡುಕ್ತಿದಾರೆ! ಕೇಳಿ ಸರ್, ಪಾಸ್‌ಪೋರ್ಟು—"

ಮೋಹನದಾಸರು ಬಿಸಿ ಕಾವಲಿ ಮುಟ್ಟಿದವರಂತೆ ಫೋನು ಇಟ್ಟುಬಿಟ್ಟರು. 'ಗೊತ್ತಾಗಿಬಿಟ್ಟಿದೆ! ಎಲ್ಲರಿಗೂ ಗೊತ್ತಾಗಿಬಿಟ್ಟಿದೆ!'

ಥಾಣೆಯಿಂದ ಪನ್ವೇಲಿನ ಟ್ರೇನು ಹಿಡಿದು, ಮಾನಸರೋವರ ಎಂಬ ಸ್ಟೇಷನ್ನಿನಲ್ಲಿ ಇಳಿದು ರಿಕ್ಷಾದಲ್ಲಿ ಕಳಂಬೋಲಿಯ ಕಬ್ಬಿಣ ಮಾರ್ಕೆಟ್ಟಿಗೆ ಕಾಲಿಟ್ಟಾಗ ಒಂದು ಗಂಟೆ. ಕಣ್ಣು ಹಾಯುವ ತನಕ ಕಬ್ಬಿಣ. ಸಲಾಕೆ, ಪೈಪು, ತಗಡು, ಸುರುಳಿ. ಸೂರ್ಯ ಮೇಲಿಂದಲೂ ಬೇಯಿಸುತ್ತಿದ್ದ, ಕಬ್ಬಿಣದ ಮೇಲೆ ಬಿದ್ದು ಕೆಳಗಿನಿಂದಲೂ ಬೇಯಿಸುತ್ತಿದ್ದ. ಮೋಹನದಾಸರು ದೋಸೆಯಂತೆ ಎರಡೂ ಮಗ್ಗುಲು ಕೆಂಪಾಗುತ್ತ ಸಾಲುಸಾಲು ಟೆಂಪೋಗಳ ಹಿಂಭಾಗ ಓದುತ್ತ ಓಡಿದರು. 'ಆಯೀಚಾ ಆಶೀರ್ವಾದ' ಮೂವತ್ತು ಇದ್ದವು, 'ಮಾ ಕಾ ಆಶೀರ್ವಾದ್' ಹದಿನೈದು. ಕನ್ನಡದ ತಾಯಿ ಸಿಕ್ಕಿದ್ದು ಎರಡು ಗಂಟೆಗೆ, ಒಂದು ಕ್ರೇನಿನ ಪಕ್ಕದಲ್ಲಿ. ಅದರ ನೆರಳಿನಲ್ಲಿ ಒಬ್ಬ ದಪ್ಪ ಮೀಸೆಯವನು ರೊಟ್ಟಿ ಬಿಚ್ಚಿಕೊಂಡು ಕೂತಿದ್ದ.

"ಸೈದಪ್ಪ ಅಂದ್ರೆ ನೀವಾ?"

"ಹೌದ್ರಿ. ಬರ್ರಿ, ರೊಟ್ಟಿ ತಿನ್ನೂಣು. ಹೆಣ್ತಿ ಶೇಂಗಾ ಚಟ್ನಿ ಕಟ್ಟ್ಯಾಳ."

"ನೌಪಾಡಾದಲ್ಲಿ ನಿಮಗೆ ಒಂದು ನೀಲಿ ಚೀಲ ಕೊಟ್ಟಿದ್ರು..."

"ಓಹೋ, ಪರದೇಶದ ಸಾಹೇಬ್ರು ನೀವs ಏನ್ರಿ! ಏನೂ ಕಾಳಜಿ ಮಾಡಬ್ಯಾಡ್ರಿ. ಭಾಳ ಭದ್ರ ಇಟ್ಟೀನಿ. ಈ ಮಾರ್ಕೆಟ್‌ದಾಗ ಕ್ಯಾಬಿನ್‌ದಾಗ ಇಟ್ರ ಕಳ್ಳರು ಕಣ್ಣಮುಚ್ಚಿ ತೆಗ್ಯೂದ್ರಾಗ ಎತ್ತತಾರ. ಅದಕ್ಕ ಹಿಂದ ಇಟ್ಟೀನಿ."

"ಹಿಂದೆ ಎಲ್ಲಿ?"

"ಸಲಾಕಿ ಬುಡಕ್ಕ."

ಮೋಹನದಾಸರು ಬಗ್ಗಿ ನೋಡಿದರು. ಟೆಂಪೋದ ತಳದಲ್ಲಿ ಮೂಲೆಗೆ ನೀಲಿ ಚೀಲದ ಒಂದು ಹಿಡಿಕೆ, ಇಲಿಯ ಬಾಲದಂತೆ ಹೊರಗೆ ಕಾಣುತ್ತಿತ್ತು. ಅದರ ಮೇಲೆ ಕ್ರೇನು ಆಗಷ್ಟೇ ಇಳಿಸಿ ಹೋದ ಎರಡು ಟನ್ನು ಸಲಾಕೆ.

"ತೆಗೀರಿ!" ಎಂದು ಕಿರುಚಿದರು ಮೋಹನದಾಸರು.

"ಹ್ಯಾಂಗ ತೆಗೀಲ್ರಿ? ಕ್ರೇನಿನಾಂವ ಊಟಕ್ಕ ಹೋದ. ಇನ್ನ ನಾಕಕ್ಕs ಬರಾಂವ. ಅದರ ಬದ್ಲಿ ನೀವು ನನ್ನ ಬಾಜೂಕ ಕುಂದರ್ರಿ. ಮರೋಳದಾಗ ಇಳಿಸಿದ ಕೂಡ್ಲೇ ನಿಮ್ಮ ಚೀಲ ನಿಮ್ಮ ಕೈಯಾಗ. ಯಾವ ಕಳ್ಳನಪ್ಪ ಬಂದ್ರೂ ಅಲ್ಲೀತನಾ ಮುಟ್ಟಾಂಗಿಲ್ಲ."

ಕೊನೆಯ ಮಾತು ಮಾತ್ರ ನಿಜ. ಮೋಹನದಾಸರೇ ಮುಟ್ಟಲಾಗಲಿಲ್ಲ. ಹಿಡಿಕೆ ಹಿಡಿದು ಎಳೆದರು, ಒಂದು ಕಾಲನ್ನು ಗಾಲಿಗೆ ಕೊಟ್ಟು ಎಳೆದರು. ಹಿಡಿಕೆ ಕಿತ್ತು ಕೈಗೆ ಬಂತು. ಅದನ್ನೇ ಜೇಬಿಗೆ ಹಾಕಿಕೊಂಡು ಕ್ಯಾಬಿನ್ನಿಗೆ ಹತ್ತಿದರು.

ಟೆಂಪೋ ಹೊರಟಿತು ಎನ್ನುವುದಕ್ಕಿಂತ ಉರುಳಿತು ಎಂದರೆ ಸರಿ. ವಾಶಿ ಸೇತುವೆಯ ಮೇಲೆ ಸೈಕಲ್ಲಿನವನೊಬ್ಬ ಇವರನ್ನು ದಾಟಿ ಹೋಗಿ, ಪಾಪವೆಂದು ಹಿಂತಿರುಗಿ ನೋಡಿದ. ಹಿಂದುಗಡೆ ಉದ್ದಕ್ಕೆ ಚಾಚಿಕೊಂಡ ಸಲಾಕೆಗಳ ತುದಿಗೆ ಕಟ್ಟಿದ ಕೆಂಪು ಬಟ್ಟೆ ಪಟಪಟ ಎನ್ನುತ್ತಿತ್ತು.

"ಸೈದಪ್ಪ, ಸ್ವಲ್ಪ ಜೋರು ಬಿಡಿ ಮಾರಾಯ್ರೆ. ಏಳೂವರೆಗೆ ವಿಮಾನ."

"ಜೋರ ಬಿಟ್ರ ಬ್ರೇಕ್ ಹಾಕಬೇಕಾಗ್ತದ್ರಿ. ಬ್ರೇಕ್ ಹಾಕಿದ್ರ ಸಲಾಕಿ ನಮ್ಮ ಬೆನ್ನಾಗ ಬರ್ತಾವ. ಅದಲ್ರಿ ಸಾಹೇಬ್ರ, ವಿಮಾನದಾಗ ಊಟ ಕೊಡ್ತಾರಂತ, ಖರೇ ಏನು?"

"ಕೊಡ್ತಾರಂತೆ."

"ರೊಟ್ಟಿ ಕೊಡ್ತಾರೇನು?"

ಚೆಂಬೂರಿನಲ್ಲಿ ಒಂದು ಗಂಟೆ ವಾಹನಗಳು ಅಲುಗಲಿಲ್ಲ. ಅಷ್ಟರಲ್ಲಿ ಸೈದಪ್ಪ ತನ್ನ ಊರು, ಹೊಲ, ಮೂವರು ತಂಗಿಯರ ಮದುವೆ ಎಲ್ಲ ಹೇಳಿ ಮುಗಿಸಿ, ನಾಲ್ಕನೆಯ ತಂಗಿಗೆ ಗಂಡು ನೋಡಲು ಮೋಹನದಾಸರಿಗೆ ಒಪ್ಪಿಸಿದ್ದ. ಮೋಹನದಾಸರು ಗಡಿಯಾರ ನೋಡುವುದನ್ನು ಬಿಟ್ಟಿದ್ದರು. ನೋಡಿದರೆ ಮುಳ್ಳು ಇನ್ನಷ್ಟು ಬೇಗ ಓಡುತ್ತದೆ ಎಂದು ಅವರಿಗೆ ಖಾತ್ರಿಯಾಗಿತ್ತು. ನಡುನಡುವೆ ಕಣ್ಣು ಮುಚ್ಚಿದರೆ, ಹದಿನೆಂಟು ಮಕ್ಕಳು ವಾದ್ಯಗಳನ್ನು ಮಡಿಲಲ್ಲಿಟ್ಟುಕೊಂಡು ಏರ್‌ಪೋರ್ಟಿನ ನೆಲದ ಮೇಲೆ ಕೂತು ಇವರ ದಾರಿ ಕಾಯುವುದು ಕಾಣುತ್ತಿತ್ತು. ಒಂದು ವರ್ಷದಿಂದ ಪರೀಕ್ಷೆ, ಕ್ರಿಕೆಟ್ಟು, ಟಿವಿ ಬಿಟ್ಟು ಅಭ್ಯಾಸ ಮಾಡಿದ ಮಕ್ಕಳು. 'ನಾನು ಹೋಗದಿದ್ದರೂ ಅಡ್ಡಿಯಿಲ್ಲ ದೇವರೇ, ಮಕ್ಕಳು ಹೋಗಬೇಕು' ಎಂದು ಊರ ದೇವರಿಗೆ ಹೇಳಿಕೊಂಡರು. ಆಮೇಲೆ ಸ್ವಲ್ಪ ಯೋಚಿಸಿ, 'ನಾನೂ ಹೋದರೆ ಒಳ್ಳೇದು' ಎಂದು ಸೇರಿಸಿದರು. ದೇವರು ಮೊದಲನೆಯದನ್ನು ಕೇಳಿಸಿಕೊಂಡಷ್ಟಕ್ಕೆ ಎದ್ದು ಹೋಗಿರಬೇಕು.

ಮರೋಳದ ಕಟ್ಟಡದ ಹತ್ತಿರ ಟೆಂಪೋ ನಿಂತಾಗ ಐದೂ ಮುಕ್ಕಾಲು. ಸಲಾಕೆ ಇಳಿಸಲು ನಾಲ್ಕೇ ಜನ. ಮೋಹನದಾಸರು ಬೂಟು ಬಿಚ್ಚಿ ಕ್ಯಾಬಿನ್ನಿಗೆಸೆದು, ಪರದೇಶಕ್ಕೆಂದು ಹೊಲಿಸಿದ ಪ್ಯಾಂಟು ಮಡಚಿ ಐದನೆಯವರಾದರು. ಅವರ ವೇಗ ನೋಡಿ ಕೂಲಿಗಳ ಮುಕಾದಮ ಬೆರಗಾಗಿ, "ಕಲ್ ಸೆ ಕಾಮ್ ಪೆ ಆಯೇಗಾ ಕ್ಯಾ?" ಎಂದು ಕೆಲಸಕ್ಕೇ ಕರೆದ. ಆರೂ ಕಾಲಿಗೆ ಕೊನೆಯ ಸಲಾಕೆಯ ಕೆಳಗೆ ಚೀಲ ಕಂಡಿತು, ಹಪ್ಪಳದಂತೆ ತೆಳ್ಳಗೆ. ಅದನ್ನು ಎದೆಗವಚಿಕೊಂಡು, "ಬಿಡಿ ಸೈದಪ್ಪ, ಬಿಡಿ!" ಎಂದರು. ಖಾಲಿ ಟೆಂಪೋ ಈಗ ನಿಜವಾಗಿ ಓಡಿತು.

ಏರ್‌ಪೋರ್ಟಿನ ಮೇಲಿನ ದಾರಿಗೆ ಟೆಂಪೋ ಬಿಡುವುದಿಲ್ಲ. ಮೋಹನದಾಸರು ಕೆಳಗೇ ಹಾರಿ ಓಡಿದರು. ತುಕ್ಕು ಮೆತ್ತಿದ ಅಂಗಿ, ಬರಿಗಾಲು, ಎದೆಗೆ ಒಂದು ನೀಲಿ ಹಪ್ಪಳ. ಗಾಜಿನ ಬಾಗಿಲಿನ ಹತ್ತಿರ ಮಕ್ಕಳಿಲ್ಲ. ವಾದ್ಯಗಳಿಲ್ಲ. ಟೀಚರಿಲ್ಲ. ಗಡಿಯಾರ ಆರೂ ಮುಕ್ಕಾಲು ಎನ್ನುತ್ತಿತ್ತು.

ಬಂದೂಕಿನ ಗಾರ್ಡು ಕೈ ಅಡ್ಡ ಹಿಡಿದ. "ಟಿಕೆಟ್. ಪಾಸ್‌ಪೋರ್ಟ್."

"ಒಂದಲ್ಲ, ಇಪ್ಪತ್ತು ಉಂಟು!" ಎಂದು ಮೋಹನದಾಸರು ಗೆದ್ದವರಂತೆ ಚೀಲ ತೆರೆದರು. ಒಂದು ಪಂಚೆ ಬಂತು. ಪುಡಿಪುಡಿಯಾದ ಅಕ್ಕಿಯ ಪೊಟ್ಟಣ ಬಂತು. ಎರಡು ವೀಳ್ಯದೆಲೆ, ಒಂದು ಅಡಕೆ, ಒಂದು ಬನಿಯನು. ಚೀಲವನ್ನು ತಲೆಕೆಳಗೆ ಮಾಡಿ ಕೊಡವಿದರು. ಅರಸಿನದ ಕೊಂಬೊಂದು ಗಾರ್ಡಿನ ಬೂಟಿನ ಮೇಲೆ ಬಿತ್ತು. ಇನ್ನೇನೂ ಬರಲಿಲ್ಲ.

ಮೋಹನದಾಸರು ಫೋನು ಹೊತ್ತಿಸಿದರು. ಅದಕ್ಕೆ ಜೀವ ಬಂದದ್ದೇ ಜ್ವರ ಬಂದಂತೆ ನಡುಗಿತು. ನೂರಾರು ಮೆಸೇಜು. ಅವನ್ನು ಓದುವ ಮೊದಲೇ ಹರಿಣಾಕ್ಷಿಯ ಫೋನು.

"ಎಲ್ಲಿ ಸತ್ತಿದ್ರಿ ಮಾರಾಯ್ರೆ? ಬೆಳಗ್ಗಿಂದ ಫೋನ್ ಮಾಡಿ ಮಾಡಿ ನನ್ನ ಬೆರಳು ಸವೀತು!"

"ಹರಿಣಾ... ಪಾಸ್‌ಪೋರ್ಟು... ಚೀಲದಲ್ಲಿಟ್ಟದ್ದು... ಇಲ್ಲ..."

"ಚೀಲದಲ್ಲಿ ಹೇಗೆ ಇರ್ತದೆ? ಕಂಡವರ ಮನೆಯಲ್ಲಿ ಇಡುವ ಚೀಲದಲ್ಲಿ ಯಾರಾದ್ರೂ ಪಾಸ್‌ಪೋರ್ಟ್ ಇಡ್ತಾರಾ? ಒಯ್ಯುವಾಗಲೇ ಇದೆಂತ ಇಷ್ಟು ಭಾರ ಅಂತ ನೋಡಿದೆ. ತೆಗೆದು ದೇವರ ಕೋಣೆಯಲ್ಲಿಟ್ಟೆ. ತಿಂಡಿಗೆ ಕೂತಾಗ ಹೇಳುವ ಅಂತಿದ್ರೆ ನೀವು ಝೆರಾಕ್ಸ್ ಅಂತ ಓಡಿದ್ರಿ. ಮುರಾರಿಯವರಿಗೆ ನಾನೇ ತೋರಿಸಿ ಕಳಿಸಿದೆ. ಬಸ್ಸು ಬಿಡುವಾಗ ಇಡೀ ಲಕೋಟೆ ಟೀಚರ ಕೈಗೆ ಕೊಟ್ಟೆ. ಎಲ್ಲ ಮಕ್ಕಳೂ ಆರಾಮಲ್ಲಿ ಒಳಗೆ ಹೋಗಿ ಕೂತಿದ್ದಾರೆ. ನೀವು ಯಾಕೆ ಇನ್ನೂ ಹೊರಗೆ? ಬೇಗ ಹೋಗಿ!"

ಮಕ್ಕಳು ಒಳಗೆ ಕೂತಿದ್ದಾರೆ. ಮೋಹನದಾಸರ ಎದೆಯ ಮೇಲಿಂದ ಎರಡು ಟನ್ನು ಇಳಿಯಿತು. ಮರುಕ್ಷಣ ಇನ್ನೊಂದು ಯೋಚನೆ ಬಂದು ಅದರಲ್ಲಿ ಒಂದು ಟನ್ನು ವಾಪಸು ಏರಿತು.

"ನನ್ನ ಪಾಸ್‌ಪೋರ್ಟು?"

"ಅದೇ ಲಕೋಟೆಯಲ್ಲಿ!"

ಮೋಹನದಾಸರು ಗಾರ್ಡಿಗೆ ಕೈಮುಗಿದರು. ತಮ್ಮ ಮುಂಬಯಿ ಹಿಂದಿಯನ್ನೆಲ್ಲ ಒಟ್ಟುಮಾಡಿ ಹೇಳಿದರು: ಪಾಸ್‌ಪೋರ್ಟು ಒಳಗಿದೆ, ತಾನು ಹೊರಗಿದ್ದೇನೆ, ಒಳಗೆ ಬಿಟ್ಟರೆ ತಂದು ತೋರಿಸುತ್ತೇನೆ.

"ಪಾಸ್‌ಪೋರ್ಟ್ ದಿಖಾವೋ, ಅಂದರ್ ಜಾವೋ" ಎಂದ ಗಾರ್ಡು.

"ಅಂದರ್ ಜಾನೇ ದೋ, ಪಾಸ್‌ಪೋರ್ಟ್ ದಿಖಾತಾ ಹೂಂ."

"ಪಹಲೇ ಪಾಸ್‌ಪೋರ್ಟ್."

"ಪಹಲೇ ಅಂದರ್."

ಹೀಗೆ ಇಬ್ಬರೂ ತಾಳ ತಪ್ಪದೆ ಏಳೂ ಕಾಲರ ತನಕ ಒಂದೇ ಪಲ್ಲವಿ ಹಾಡಿದರು. ನಡುನಡುವೆ ಟೀಚರಿಗೆ ಫೋನು ಮಾಡಿದರೆ ಲೈನು ಸಿಗಲಿಲ್ಲ. ಅಷ್ಟರಲ್ಲಿ ಫೋನು ಬಡಿಯಿತು. ಶ್ರೀವಿದ್ಯಾ ಟೀಚರು. ಹಿಂದಿನಿಂದ ಮಕ್ಕಳ ಕಲರವ, ಯಾರೋ ಕೊಳಲಿನಲ್ಲಿ ಒಂದು ಸ್ವರ ಊದಿದ ಸದ್ದು, ಗಗನಸಖಿ ಗದರಿದ ಸದ್ದು.

"ಸರ್! ಸದ್ಯ, ಫೋನ್ ಸಿಕ್ತು! ನಿಮ್ಮನ್ನ ಗೇಟಲ್ಲಿ ಕಾದೂ ಕಾದೂ ಕೊನೇಗೆ ಒಳಗ್ ಬಂದ್ಬಿಟ್ವಿ ಸರ್. ಈಗ ಪ್ಲೇನಲ್ಲಿ ಕೂತಿದೀವಿ. ಬಾಗ್ಲು ಹಾಕಿಬಿಟ್ರು. ನಿಮ್ಮ ಪಾಸ್‌ಪೋರ್ಟ್ ಎಲ್ಲಿ ಹೋಯ್ತೋ ಅಂತ ಯೋಚನೆ ಮಾಡ್ಬೇಡಿ ಸರ್. ನನ್ ಹತ್ರಾನೇ ಇದೆ, ಭದ್ರವಾಗಿದೆ. ಹನ್ನೆರಡು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ!"

"ಪಪ್ಪಾ!" ಎಂದು ಅಶ್ಮಿತಾಳ ಕೂಗು. "ವಿಂಡೋ ಸೀಟ್ ಮಿಲಾ! ಆಪ್ ಕೀ ಸೀಟ್ ಪೆ ಮೇರಾ ಸ್ಯಾಕ್ಸೋಫೋನ್ ರಖಾ ಹೈ, ಬೆಲ್ಟ್ ಭೀ ಬಾಂಧ್ ದಿಯಾ!"

ಅವರ ಸೀಟಿನಲ್ಲಿ ಸ್ಯಾಕ್ಸೋಫೋನು ಬೆಲ್ಟು ಕಟ್ಟಿಕೊಂಡು ಕೂತ ಸುದ್ದಿಯೊಂದಿಗೆ ಫೋನು ಕಟ್ಟಾಯಿತು.

ಮೋಹನದಾಸರು ಮೆಲ್ಲನೆ ಇಳಿಜಾರು ದಾರಿಯಲ್ಲಿ ಕೆಳಗೆ ಬಂದು ಕಟ್ಟೆಯ ಮೇಲೆ ಕೂತರು. ಸೈದಪ್ಪ ಇನ್ನೂ ಹೋಗಿರಲಿಲ್ಲ. ಎರಡೂ ಕೈಯಲ್ಲಿ ಒಂದೊಂದು ಬೂಟು ಹಿಡಿದು ಅವರನ್ನೇ ಹುಡುಕಿಕೊಂಡು ಬರುತ್ತಿದ್ದ.

"ಬೂಟು ಬಿಟ್ಟು ಪರದೇಶಕ್ಕ ಹೊಂಟಿದ್ರಲ್ರಿ ಸಾಹೇಬ್ರ! ಏನಾತು? ವಿಮಾನ ಹೋತೇನು?"

"ಹೋಯ್ತು."

"ಯಾರ್ಯಾರು ಹೋದ್ರಿ?"

"ಹದಿನೆಂಟು ಮಕ್ಕಳು ಹೋದ್ರು. ಟೀಚರ್ ಹೋದ್ರು."

"ಮತ್ತ ನಿಮ್ಮ ಪೈಕಿ?"

ಮೋಹನದಾಸರು ಒಂದು ಬೂಟಿಗೆ ಕಾಲು ತೂರಿಸುತ್ತ ತಲೆ ಎತ್ತಿದರು. ದೀಪ ಮಿನುಗಿಸುತ್ತ ಒಂದು ವಿಮಾನ ಅವರ ನೆತ್ತಿಯ ಮೇಲೆಯೇ ಏರಿ ಪಡುವಣದತ್ತ ತಿರುಗಿತು.

"ನನ್ನ ಫೋಟೋ ಹೋಯ್ತು ಸೈದಪ್ಪ" ಎಂದರು. "ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಅಪ್ಪ, ಅಮ್ಮ, ಹೆಂಡತಿ, ಎಲ್ಲರ ಹೆಸರೂ ಉಂಟು. ಮನೆಯ ವಿಳಾಸವೂ ಉಂಟು. ಇಡೀ ಸಂಸಾರ ಮಸ್ಕತ್‌ಗೆ ಹೊರಟಿತು. ಉಳಿದದ್ದು ನಾನೊಬ್ಬನೇ."